ಹಾಲು ಅಳೆದ ಹಾಗೆ ಡೇರಿ ಅಂಗಳವನ್ನೂ ಅಳೆಯೋಣ



ನಮ್ಮ ಸಂಘಗಳಲ್ಲಿ ಅಳೆಯದೆ ಬಿಟ್ಟದ್ದು ಬಹಳ ಕಡಿಮೆ. ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ಜಿಡ್ಡು, ಎಸ್.ಎನ್.ಎಫ್. ಪರೀಕ್ಷಿಸುತ್ತೇವೆ. ಪಶು ಆಹಾರದ ಮೂಟೆ, ಖನಿಜ ಮಿಶ್ರಣದ ಪೊಟ್ಟಣ, ಕೃತಕ ಗರ್ಭಧಾರಣೆ, ಲಸಿಕೆ ಎಲ್ಲಕ್ಕೂ ಒಂದೊಂದು ರಿಜಿಸ್ಟರ್ ಇದೆ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರು ಬಂದು ಸಂಘಕ್ಕೆ 'ಎ', 'ಬಿ', 'ಸಿ' ಎಂದು ವರ್ಗ ಕೊಟ್ಟು ಹೋಗುತ್ತಾರೆ. ಆದರೆ ಬೆಳಿಗ್ಗೆ ಸಂಜೆ ಹಾಲು ಹಾಕುವ ಹೊತ್ತಿಗೆ ಡೇರಿಯ ಮುಂದೆ ಸೇರುವ ಜನ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ, ಯಾವ ಯಾವ ಕೇರಿಯವರು ಒಬ್ಬರನ್ನೊಬ್ಬರು ಮಾತನಾಡಿಸುತ್ತಾರೆ, ಯಾರು ಬಂದ ಕಾಲಲ್ಲೇ ಹೊರಟುಬಿಡುತ್ತಾರೆ ಎಂಬುದು ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ.

'ಜನ ನಿಂತು ಮಾತನಾಡುವುದನ್ನೂ ಅಳೆಯಬೇಕೆ? ದನದ ಡಾಕ್ಟರಿಗೆ ಇದೇಕೆ ಬೇಕು?' ಎಂದು ನೀವು ಕೇಳಬಹುದು. ದನದ ಡಾಕ್ಟರಿಗೆ ಇದು ಬೇಕೇ ಬೇಕು. ಏಕೆ ಎಂಬುದನ್ನು ಮೊದಲು ಹೇಳಿ, ಅಳೆಯುವ ವಿಧಾನವನ್ನು ಆಮೇಲೆ ತಿಳಿಸುತ್ತೇನೆ.

ನೆರೆಹೊರೆಯೂ ರಾಸಿನ ಆರೋಗ್ಯವೂ

ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿದ ಒಂದೆರಡು ದಿನಗಳಲ್ಲಿ ಹಾಲುಜ್ವರದಿಂದ ನೆಲ ಹಿಡಿಯುವುದುಂಟು. ಹೆಸರು ಜ್ವರವಾದರೂ ಮೈ ತಣ್ಣಗಿರುತ್ತದೆ. ಕುತ್ತಿಗೆಯನ್ನು ಪಕ್ಕೆಯ ಕಡೆ ತಿರುಗಿಸಿಕೊಂಡು ಮಂಕಾಗಿ ಮಲಗಿಬಿಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವುದೇ ಇದಕ್ಕೆ ಕಾರಣ. ವೈದ್ಯರು ಬಂದು ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ಹಸುಗಳು ಕೆಲವು ಗಂಟೆಗಳೊಳಗೆ ಎದ್ದು ನಿಲ್ಲುತ್ತವೆ. ವೈದ್ಯರು ಬರುವ ತನಕ ಏನಾಗುತ್ತದೆ ಎಂಬುದೇ ಮುಖ್ಯ. ಹಸು ಪೂರ್ತಿ ಒಂದು ಮಗ್ಗುಲಿಗೆ ಒರಗಿಬಿಟ್ಟರೆ ಹೊಟ್ಟೆ ಉಬ್ಬರಿಸುತ್ತದೆ, ಮೇಲೆ ಬಂದ ಮೇವಿನ ರಸ ಶ್ವಾಸನಾಳಕ್ಕೆ ಇಳಿಯುತ್ತದೆ. ಆದ್ದರಿಂದ ಅದನ್ನು ಎದೆಯ ಮೇಲೆ ಕೂರುವಂತೆ ಎತ್ತಿ, ಎರಡೂ ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತು ಕೊಡಬೇಕು. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ನಾಲ್ಕು ನೂರು ಕಿಲೋ ತೂಗುವ ರಾಸನ್ನು ಹೀಗೆ ಹೊರಳಿಸುವುದು ಗಂಡ ಹೆಂಡತಿ ಇಬ್ಬರ ಕೈಲಾಗುವ ಕೆಲಸವಲ್ಲ. ನಾಲ್ಕೈದು ಜನ ಬೇಕು. ಮಾತು ಬಂತೆಂದು ಹೇಳುತ್ತೇನೆ: ಹೀಗೆ ಮಲಗಿದ ಹಸುವಿಗೆ ಗೊಟ್ಟದಲ್ಲಿ ಗಂಜಿ, ಕಷಾಯ, ಬೆಲ್ಲದ ನೀರು ಏನನ್ನೂ ಹೊಯ್ಯಬೇಡಿ. ಅದಕ್ಕೆ ನುಂಗುವ ಶಕ್ತಿ ಇರುವುದಿಲ್ಲ, ಹೊಯ್ದದ್ದು ನೇರ ಪುಪ್ಪುಸಕ್ಕೆ ಹೋಗುತ್ತದೆ.

ಈಗ ಯೋಚಿಸಿ. ರಾತ್ರಿ ಎರಡು ಗಂಟೆಗೆ ನಿಮ್ಮ ಕೊಟ್ಟಿಗೆಯಲ್ಲಿ ಹಸು ನೆಲ ಹಿಡಿದರೆ ಯಾರ ಬಾಗಿಲು ತಟ್ಟುತ್ತೀರಿ? ಅಣ್ಣತಮ್ಮಂದಿರು ಪಕ್ಕದಲ್ಲೇ ಇದ್ದರೆ ಸರಿ. ಬೇರೆಯಾಗಿ ಮನೆ ಮಾಡಿಕೊಂಡು ತೋಟದಲ್ಲಿದ್ದರೆ? ಮಗ ಬೆಂಗಳೂರಿನಲ್ಲಿದ್ದು ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ? ಮುಖ ನೋಡಿ ವಾರಗಟ್ಟಲೆಯಾದವರ ಬಾಗಿಲನ್ನು ನಡುರಾತ್ರಿ ತಟ್ಟಲು ಯಾರಿಗಾದರೂ ಸಂಕೋಚ. ದಿನಕ್ಕೆ ಎರಡು ಸಲ ಡೇರಿಯ ಮುಂದೆ 'ಏನಣ್ಣ, ನಿಮ್ಮ ಹಸು ಕರು ಹಾಕ್ತಾ?' ಎಂದು ಕೇಳುವವರ ಬಾಗಿಲು ತಟ್ಟಲು ಆ ಸಂಕೋಚ ಇರುವುದಿಲ್ಲ.

ಕಾಲುಬಾಯಿ ಜ್ವರದ ವಿಷಯವೂ ಹೀಗೆಯೇ. ಊರಿನಲ್ಲಿ ಮೊದಲು ಜೊಲ್ಲು ಸುರಿಸಿ ಕುಂಟಿದ ರಾಸು ಯಾವುದು, ಅದು ಯಾವ ದಿನ ಎಂಬುದು ಅದೇ ಸಂಜೆ ನಾಲ್ಕು ಜನರಿಗೆ ಗೊತ್ತಾದರೆ ಉಳಿದವರು ತಮ್ಮ ರಾಸುಗಳನ್ನು ಮನೆಯಲ್ಲೇ ಕಟ್ಟುತ್ತಾರೆ, ಸಾಮೂಹಿಕ ತೊಟ್ಟಿಯಲ್ಲಿ ನೀರು ಕುಡಿಸುವುದನ್ನು ನಿಲ್ಲಿಸುತ್ತಾರೆ, ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತಾರೆ. ಮೂರು ದಿನ ತಡವಾದರೆ ಕೇರಿಗೆ ಕೇರಿಯೇ ಹಿಡಿಯಬಹುದು. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹರಡಿದಾಗಲೂ ಇದನ್ನೇ ಕಂಡೆವು. ಅದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ರೋಗ, ಮನುಷ್ಯರಿಗೆ ಅಂಟುವುದಿಲ್ಲ. ಈ ಎರಡು ಮಾತು ಊರಿಗೆಲ್ಲ ಬೇಗ ತಲುಪಿದ ಕಡೆ ಗಾಬರಿ ಕಡಿಮೆಯಿತ್ತು. ತಲುಪದ ಕಡೆ 'ಹಾಲು ಕುಡಿದರೆ ಮೈಮೇಲೆ ಗಂಟು ಏಳುತ್ತೆ' ಎಂಬ ಸುದ್ದಿ ಮೊದಲು ತಲುಪಿತ್ತು. ಮೊಬೈಲಿನಲ್ಲಿ ಎರಡೂ ಬರುತ್ತವೆ. ಯಾವುದನ್ನು ನಂಬಬೇಕೆಂದು ಜನ ತೀರ್ಮಾನಿಸುವುದು ತಾವು ದಿನಾ ನೋಡುವ ಮುಖಗಳನ್ನು ಕೇಳಿಯೇ.

ಷಿಕಾಗೋದಲ್ಲಿ ಕಂಡದ್ದು

ನೆರೆಹೊರೆ ಸೇರುವ ಜಾಗಕ್ಕೂ ಸಾವು ಬದುಕಿಗೂ ಸಂಬಂಧವಿದೆ ಎನ್ನುವುದಕ್ಕೆ ದೂರದ ಊರಿನ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಷಿಕಾಗೋ ನಗರದಲ್ಲಿ 1995ರ ಜುಲೈ ತಿಂಗಳಲ್ಲಿ ವಿಪರೀತ ಬಿಸಿಲಿನ ಹೊಡೆತ ಬಿತ್ತು. ಜುಲೈ 13ರಂದು ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಸಾಮಾನ್ಯವಾಗಿ ಸಾಯುವವರ ಸಂಖ್ಯೆಗಿಂತ 739 ಮಂದಿ ಹೆಚ್ಚಾಗಿ ಸತ್ತರು. ಅವರಲ್ಲಿ ಬಹುಪಾಲು ಒಂಟಿಯಾಗಿದ್ದ ವೃದ್ಧರು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಈ ಸಾವುಗಳನ್ನು ಬಡಾವಣೆವಾರು ಅಭ್ಯಾಸ ಮಾಡಿ 2002ರಲ್ಲಿ ಪುಸ್ತಕ ಪ್ರಕಟಿಸಿದರು. ಅದರಲ್ಲಿ ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್ ಎಂಬ ಅಕ್ಕಪಕ್ಕದ ಎರಡು ಬಡಾವಣೆಗಳ ಹೋಲಿಕೆ ಇದೆ. ಎರಡರಲ್ಲೂ ಬಿಸಿಲು ಒಂದೇ, ಬಡತನ ಹೆಚ್ಚು ಕಡಿಮೆ ಒಂದೇ, ಒಂಟಿ ವೃದ್ಧರೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಸಾವಿನ ಪ್ರಮಾಣ ಒಂದರಲ್ಲಿ ಲಕ್ಷಕ್ಕೆ 40, ಇನ್ನೊಂದರಲ್ಲಿ ಲಕ್ಷಕ್ಕೆ 4.

ಹೆಚ್ಚು ಜನ ಸತ್ತ ಬಡಾವಣೆಯಲ್ಲಿ ಕಾರ್ಖಾನೆಗಳು ಮುಚ್ಚಿ, ಅಂಗಡಿಗಳು ಖಾಲಿಯಾಗಿ, ಬೀದಿಗಳು ಪಾಳು ಬಿದ್ದಿದ್ದವು. ಮುದುಕರು ಹೆದರಿ ಹೊರಗೆ ಬರುತ್ತಿರಲಿಲ್ಲ. ಕಡಿಮೆ ಜನ ಸತ್ತ ಬಡಾವಣೆಯ ಬೀದಿಯಲ್ಲಿ ಅಂಗಡಿ ಮುಂಗಟ್ಟು, ಜನಸಂಚಾರ ತುಂಬಿತ್ತು. ವೃದ್ಧರು ದಿನಾ ಹೊರಗೆ ಬರುತ್ತಿದ್ದರು, ಬಾರದಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಈ ವಿವರಣೆಯ ಬಗ್ಗೆ ಬೇರೆ ವಿದ್ವಾಂಸರು ಪ್ರಶ್ನೆ ಎತ್ತಿದ್ದೂ ಉಂಟು. ನನಗೆ ಮುಖ್ಯವೆನಿಸಿದ್ದು ಇಷ್ಟು: ಬಡತನ, ವಯಸ್ಸು ಇವನ್ನು ಎಣಿಸುವವರು ಮೊದಲೂ ಇದ್ದರು, ಆದರೆ ಬೀದಿಯನ್ನು ಕೂಡ ಎಣಿಕೆಗೆ ತಂದಾಗಲೇ ಅಕ್ಕಪಕ್ಕದ ಈ ವ್ಯತ್ಯಾಸದ ಅರ್ಥ ಹುಡುಕಲು ದಾರಿಯಾಯಿತು.

ಕಟ್ಟಡ ಇದೆ ಎಂದರೆ ಸಾಲದು

ಮನೆಯೂ ಅಲ್ಲದ, ದುಡಿಯುವ ಸ್ಥಳವೂ ಅಲ್ಲದ, ನಾಲ್ಕು ಜನ ಸುಮ್ಮನೆ ಸೇರುವ ಜಾಗಕ್ಕೆ ರೇ ಓಲ್ಡನ್‌ಬರ್ಗ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 'ಮೂರನೆಯ ತಾಣ' ಎಂಬ ಹೆಸರು ಕೊಟ್ಟರು. ನಮಗೆ ಹೊಸ ಹೆಸರು ಬೇಕಾಗಿಲ್ಲ. ಅರಳಿಕಟ್ಟೆ ಇದೆ, ಹರಟೆಕಟ್ಟೆ ಇದೆ, ಕೆಲಸವಿಲ್ಲದವರು ಕೂರುತ್ತಾರೆಂದು ಹೆಂಗಸರು ಹೆಸರಿಟ್ಟ ಸೋಮಾರಿಕಟ್ಟೆಯೂ ಇದೆ. ತೊಂಬೆಯ ನಲ್ಲಿ, ಹಿಟ್ಟಿನ ಗಿರಣಿ, ಟೀ ಅಂಗಡಿ, ಬಸ್ ನಿಲ್ಲುವ ಜಾಗ, ಕೆರೆ ಏರಿ, ನ್ಯಾಯಬೆಲೆ ಅಂಗಡಿಯ ಸಾಲು, ರಾಸುಗಳಿಗೆ ಲಸಿಕೆ ಹಾಕುವ ಕಟಾಂಜನ ಇವೂ ಅಂಥವೇ.

ಸರ್ಕಾರದ ದಾಖಲೆಗಳು ಇಂಥ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಲ್ಲ. 2011ರ ಜನಗಣತಿಯ ಗ್ರಾಮ ಸೌಲಭ್ಯಗಳ ಪಟ್ಟಿಯಲ್ಲಿ ಸಮುದಾಯ ಕೇಂದ್ರ, ಆಟದ ಮೈದಾನ, ಸಾರ್ವಜನಿಕ ಗ್ರಂಥಾಲಯ, ವಾಚನಾಲಯ ಇವೆಯೇ ಎಂದು ಕೇಳಿ ಬರೆದುಕೊಂಡಿದ್ದಾರೆ. ಆದರೆ ಉತ್ತರ 'ಇದೆ' ಅಥವಾ 'ಇಲ್ಲ' ಅಷ್ಟೇ. ಅನೇಕ ಊರುಗಳಲ್ಲಿ ಸಮುದಾಯ ಭವನ 'ಇದೆ'. ಬಾಗಿಲಿಗೆ ಬೀಗವೂ ಇದೆ. ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಕೇಳಿದರೆ ಮೂರು ಹೆಸರು ಹೇಳುತ್ತಾರೆ. ಒಳಗೆ ಯಾರದೋ ಹುಲ್ಲಿನ ಹೊರೆ, ಗೊಬ್ಬರದ ಮೂಟೆ. ದಾಖಲೆಯಲ್ಲಿ ಅದಕ್ಕೂ ಒಂದು ಅಂಕ, ಪಕ್ಕದಲ್ಲೇ ಇಡೀ ದಿನ ಜನ ಕೂರುವ ಬೇವಿನ ಮರದ ಕಲ್ಲುಚಪ್ಪಡಿಗೆ ಸೊನ್ನೆ.

ಹಸು ಇದೆ ಎಂದ ಮಾತ್ರಕ್ಕೆ ಹಾಲು ಇದೆ ಎಂದಾಗುವುದಿಲ್ಲವಲ್ಲ, ಹಾಗೆ. ಗೊಡ್ಡು ಹಸುವೂ ಕೊಟ್ಟಿಗೆಯಲ್ಲಿ ಒಂದು ಹಸುವೇ. ಆದ್ದರಿಂದ ಜಾಗವನ್ನು ಅಳೆಯುವುದಾದರೆ ಹಾಲನ್ನು ಅಳೆಯುವ ಹಾಗೆ ಅಳೆಯಬೇಕು. ಬರೀ ಲೀಟರ್ ನೋಡಿದರೆ ನೀರು ಬೆರೆಸಿದವನೇ ಗೆಲ್ಲುತ್ತಾನೆ. ಅದಕ್ಕಾಗಿಯೇ ಜಿಡ್ಡು, ಎಸ್.ಎನ್.ಎಫ್. ಎರಡನ್ನೂ ನೋಡುತ್ತೇವೆ. ಜಾಗಕ್ಕೂ ಹಾಗೆಯೇ: ಎಷ್ಟು ಜನ ಬಂದರು ಎಂಬುದು ಲೀಟರ್. ಎಷ್ಟು ಹೊತ್ತು ನಿಂತರು ಎಂಬುದು ಜಿಡ್ಡು. ಯಾರ್ಯಾರು ಬೆರೆತರು ಎಂಬುದು ಎಸ್.ಎನ್.ಎಫ್.

ಎಣಿಸುವುದು ಹೇಗೆ

ಎಷ್ಟು ಜನ ಎಂಬುದನ್ನು ಕಂಡುಹಿಡಿಯಲು ಕಷ್ಟವಿಲ್ಲ. ಹಾಲಿನ ರಿಜಿಸ್ಟರಿನಲ್ಲೇ ಇದೆ. ಎಷ್ಟು ಹೊತ್ತು ಎಂಬುದು ಸ್ವಲ್ಪ ಉಪಾಯ ಬೇಡುತ್ತದೆ. ಪ್ರತಿಯೊಬ್ಬರೂ ಬಂದ ಗಳಿಗೆ, ಹೋದ ಗಳಿಗೆ ಬರೆಯುತ್ತಾ ಕುಳಿತರೆ ಆಗುವುದಿಲ್ಲ. ಅದರ ಬದಲು ಐದು ನಿಮಿಷಕ್ಕೊಮ್ಮೆ ತಲೆ ಎತ್ತಿ ನೋಡಿ, ಆ ಕ್ಷಣ ಅಂಗಳದಲ್ಲಿ ಎಷ್ಟು ತಲೆ ಇವೆ ಎಂದು ಬರೆದುಕೊಳ್ಳಿ. ಉದಾಹರಣೆಗೆ ಬೆಳಿಗ್ಗೆ ಆರರಿಂದ ಏಳರವರೆಗೆ ಹನ್ನೆರಡು ಸಲ ಎಣಿಸಿದಿರಿ, ಹೀಗೆ ಬಂತು ಎನ್ನೋಣ: 4, 9, 14, 18, 20, 17, 13, 10, 7, 4, 2, 2. ಕೂಡಿದರೆ 120. ಐದರಿಂದ ಗುಣಿಸಿದರೆ 600. ಕೂಲಿ ಲೆಕ್ಕದಲ್ಲಿ ಆಳು-ದಿನ ಎನ್ನುವ ಹಾಗೆ ಇದನ್ನು 600 ಆಳು-ನಿಮಿಷ ಎನ್ನಬಹುದು. ಆ ಹೊತ್ತು ಹಾಲು ಹಾಕಿದವರು 75 ಮಂದಿ ಆಗಿದ್ದರೆ ಒಬ್ಬೊಬ್ಬರು ಸರಾಸರಿ 8 ನಿಮಿಷ ಇದ್ದರು ಎಂದಾಯಿತು. ಏಳನೇ ತರಗತಿ ಓದುವ ಹುಡುಗ ಹುಡುಗಿಯರು ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಬೇಸಿಗೆ ರಜೆಯಲ್ಲಿ ಅವರಿಗೇ ವಹಿಸಿ.

ಒಂದು ಎಚ್ಚರಿಕೆ ಬೇಕು. ತಲೆಗಳನ್ನು ಎರಡು ಕಾಲಂ ಮಾಡಿ ಬರೆಯಬೇಕು. ಕೈಯಲ್ಲಿ ಹಾಲು ಹಿಡಿದು ಸಾಲಿನಲ್ಲಿ ನಿಂತವರು ಒಂದು ಕಡೆ, ಹಾಲು ಹಾಕಿದ ಮೇಲೂ ನಿಂತವರು ಇನ್ನೊಂದು ಕಡೆ. ಸಾಲಿನಲ್ಲಿ ನಿಂತದ್ದು ವಿಧಿಯಿಲ್ಲದೆ ನಿಂತದ್ದು. ಹಾಲು ಹಾಕಿ ಖಾಲಿ ಪಾತ್ರೆ ಹಿಡಿದು ನಿಂತದ್ದು ತಾನಾಗಿ ನಿಂತದ್ದು. ಮೇಲಿನ 600ರಲ್ಲಿ 450 ಸಾಲಿನದ್ದು, 150 ಮಾತ್ರ ತಾನಾಗಿ ನಿಂತದ್ದು ಎಂದು ಬಂದರೆ ಆ ಅಂಗಳ ನಿಜವಾಗಿ 150ರ ಅಂಗಳ. ಈ ವ್ಯತ್ಯಾಸ ಏಕೆ ಬೇಕೆಂಬುದನ್ನು ಮುಂದೆ ಹೇಳುತ್ತೇನೆ.

ಜಾತ್ರೆ, ಹಬ್ಬ, ಚುನಾವಣೆ, ಸಾವು ಇಲ್ಲದ ಸಾಧಾರಣ ವಾರವನ್ನು ಆರಿಸಿಕೊಳ್ಳಿ. ಏಳು ದಿನ ಆಗದಿದ್ದರೆ ಮೂರು ದಿನವಾದರೂ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಎಣಿಸಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಎಣಿಸಿದರೆ ಇನ್ನೂ ಒಳ್ಳೆಯದು. ಸೂರು ಇಲ್ಲದ ಅಂಗಳದ ಬಣ್ಣ ಆಷಾಢದಲ್ಲಿ ಬಯಲಾಗುತ್ತದೆ.

ಇನ್ನು ಯಾರ್ಯಾರು ಎಂಬುದು. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಗಂಡಸರು, ಹೆಂಗಸರು, ಅರುವತ್ತು ದಾಟಿದವರು, ಶಾಲೆಗೆ ಹೋಗುವ ಮಕ್ಕಳು ಎಂದು ಎಣಿಸಿ. ಯಾವ ಕೇರಿಯಿಂದ ಬಂದವರು ಎಂದು ಗುರುತು ಹಾಕಿ. ಆದರೆ ಹೆಸರು ಬರೆಯಬೇಡಿ. ಯಾರು ಯಾರ ಜೊತೆ ನಿಂತಿದ್ದರು ಎಂದು ಹೆಸರು ಸಮೇತ ಬರೆದ ಪುಸ್ತಕ ಪಂಚಾಯಿತಿ ಚುನಾವಣೆ ಹೊತ್ತಿಗೆ ಯಾರ ಕೈಗೆ ಸಿಕ್ಕರೂ ಊರು ಎರಡಾಗುತ್ತದೆ.

ಅರಳಿಕಟ್ಟೆಯನ್ನು ನಾವೆಲ್ಲ ಹೊಗಳುತ್ತೇವೆ. ಒಂದು ಸಂಜೆ ಎಣಿಸಿ ನೋಡಿ. ಹೆಂಗಸರ ಕಾಲಂ ಖಾಲಿ ಉಳಿಯುತ್ತದೆ. ಕೆಲವು ಕೇರಿಗಳವರ ಕಾಲಂ ಕೂಡ ಖಾಲಿ ಉಳಿಯುವ ಊರುಗಳಿವೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಡೇರಿಯ ಸಾಲು ಅದಕ್ಕಿಂತ ಮೇಲು ಎಂದು ನನ್ನ ಅನಿಸಿಕೆ. ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ, ಬಂದವರು ಬಂದ ಸರದಿಯಲ್ಲೇ ನಿಲ್ಲುತ್ತಾರೆ. ಆದರೆ ಸಾಲು ಮುಗಿದ ಮೇಲೆ ಯಾರು ಜಗುಲಿಯ ಮೇಲೆ ಕೂರುತ್ತಾರೆ, ಯಾರು ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತಾರೆ ಎಂಬುದನ್ನೂ ನೋಡಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಹಸುವಿನ ಕೆಲಸ ಮುಕ್ಕಾಲುಪಾಲು ಮಾಡುವವರು ಅವರು, ಹಾಲು ಹೊತ್ತು ತರುವವರೂ ಅನೇಕ ಕಡೆ ಅವರೇ, ಆದರೆ ಸದಸ್ಯತ್ವದ ಹೆಸರು ಯಜಮಾನರದು. ಹೀಗಿರುವಲ್ಲಿ ಅಂಗಳದಲ್ಲಿ ನಿಂತು ನನ್ನಂಥವನನ್ನು ಪ್ರಶ್ನೆ ಕೇಳುವುದು ಅವರಿಗೆ ಸಲೀಸಲ್ಲ. ಕೇಂದ್ರದ ಸ್ಟೆಪ್ ಯೋಜನೆಯ ನೆರವಿನಿಂದ ರಚನೆಯಾದ ಮಹಿಳಾ ಸಂಘಗಳಿಗೆ ಹೋದಾಗ ಕೆಚ್ಚಲುಬಾವಿನ ಬಗ್ಗೆ ಬರುವ ಪ್ರಶ್ನೆಗಳೇ ಬೇರೆ. ಹಿಂಡುವ ಕೈಯಿಂದಲೇ ಬಂದ ಪ್ರಶ್ನೆಗಳು ಅವು.

ಕೊನೆಯದಾಗಿ, ಈ ಮಾತುಕತೆಯಿಂದ ಏನು ಒದಗಿತು ಎಂಬುದನ್ನು ನೋಡಬೇಕು. ಇದಕ್ಕೆ ಬೇರೆ ಬೇರೆ ಕೇರಿಗಳಿಂದ ಇಪ್ಪತ್ತು ಮನೆ ಆರಿಸಿ ಮೂರು ಪ್ರಶ್ನೆ ಕೇಳಿದರೆ ಸಾಕು. ನಡುರಾತ್ರಿ ಹಸು ನೆಲ ಹಿಡಿದರೆ ನೆಂಟರಲ್ಲದವರಲ್ಲಿ ಯಾರನ್ನು ಕರೆಯುತ್ತೀರಿ, ಎಷ್ಟು ಹೆಸರು ಹೇಳಬಲ್ಲಿರಿ? ಹಿಂದಿನ ಸಲದ ಕಾಲುಬಾಯಿ ಲಸಿಕೆಯ ದಿನ ನಿಮಗೆ ಯಾರಿಂದ ಗೊತ್ತಾಯಿತು? ಕಳೆದ ಹದಿನೈದು ದಿನಗಳಲ್ಲಿ ಮೇವು, ಹಗ್ಗ, ಗೊಟ್ಟ, ಮುಯ್ಯಾಳು ಏನಾದರೂ ಕೊಟ್ಟು ತೆಗೆದುಕೊಂಡಿರಾ, ಯಾವ ಕೇರಿಯವರೊಡನೆ? ಎರಡನೆಯ ಪ್ರಶ್ನೆ ನನಗೆ ತುಂಬ ಉಪಯುಕ್ತ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುತ್ತೇವೆ. ತಪ್ಪಿಸಿಕೊಂಡ ಮನೆಗಳಲ್ಲಿ ವಿಚಾರಿಸಿದರೆ 'ಬೇಡ ಅಂದಿದ್ದಲ್ಲ ಸಾರ್, ಗೊತ್ತೇ ಆಗಲಿಲ್ಲ' ಎನ್ನುವವರು ಸಿಗುತ್ತಾರೆ. ಅಂಥ ಮನೆಗಳು ಒಂದೇ ಕೇರಿಯಲ್ಲಿ ಒಟ್ಟಿಗೆ ಇದ್ದರೆ ಆ ಕೇರಿಗೂ ಡೇರಿ ಅಂಗಳಕ್ಕೂ ನಡುವೆ ದಾರಿ ಕಡಿದಿದೆ ಎಂದೇ ಅರ್ಥ.

ಹಾಲು ಕಾಯಬಾರದು, ಜನ ನಿಲ್ಲಬೇಕು

ಈಗ ಎರಡು ಕಾಲಂ ಮಾಡಿದ ಕಾರಣಕ್ಕೆ ಬರೋಣ. ಸ್ವಯಂಚಾಲಿತ ಹಾಲು ಸಂಗ್ರಹಣಾ ಯಂತ್ರ ಬಂದ ಮೇಲೆ ತೂಕ, ಜಿಡ್ಡು, ದರ ಎಲ್ಲವೂ ಗಳಿಗೆಯಲ್ಲಿ ಚೀಟಿಯ ಮೇಲೆ ಬರುತ್ತವೆ. ಸಾಲು ಬೇಗ ಕರಗುತ್ತದೆ. ಬಲ್ಕ್ ಕೂಲರ್ ಇರುವ ಕಡೆ ಹಾಲು ಅಲ್ಲೇ 4 ಡಿಗ್ರಿಗೆ ತಣಿಯುತ್ತದೆ. ಹಿಂದೆ ಬಟವಾಡೆ ದಿನ ಎಲ್ಲರೂ ಡೇರಿಗೆ ಬಂದು ಕೈಯಲ್ಲಿ ಹಣ ಎಣಿಸಿಕೊಂಡು ಹೋಗುತ್ತಿದ್ದರು. 2016ರ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾದ ಮೇಲೆ ಹಾಲಿನ ಹಣ ಬ್ಯಾಂಕ್ ಖಾತೆಗೆ ಜಮೆಯಾಗುವುದು ಹೆಚ್ಚಿತು.

ಇವೆಲ್ಲ ಒಳ್ಳೆಯವೇ. ನಾನು ಯಂತ್ರಕ್ಕೆ ವಿರೋಧಿಯಲ್ಲ. ಕರೆದ ಹಾಲು ಬೆಚ್ಚಗಿದ್ದಷ್ಟು ಹೊತ್ತೂ ಅದರಲ್ಲಿ ಸೂಕ್ಷ್ಮಜೀವಿಗಳು ದುಪ್ಪಟ್ಟು, ನಾಲ್ಕುಪಟ್ಟು ಆಗುತ್ತಲೇ ಇರುತ್ತವೆ. ಸಾಲಿನಲ್ಲಿ ಅರ್ಧ ಗಂಟೆ ಬಿಸಿಲು ಕಾಯುವ ಹಾಲು ಒಡೆಯಲು ಹತ್ತಿರವಾದ ಹಾಲು. ಹಣ ಹೆಂಗಸರ ಖಾತೆಗೇ ಹೋದರೆ ಅದು ಮನೆ ಸೇರುವ ಮೊದಲು ಬೇರೆ ಅಂಗಡಿ ಸೇರುವ ಸಂಭವವೂ ಕಡಿಮೆ. ಆದರೆ ಸಾಲಿನ 450 ಆಳು-ನಿಮಿಷ ಒಂದೇ ತಿಂಗಳಲ್ಲಿ ಇಲ್ಲವಾದಾಗ ಆ ಹೊತ್ತಿನಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ. ಹಸು ಬೆದೆಗೆ ಬಂದ ಲಕ್ಷಣ ಕೇಳುವುದು, ಕರು ಮಾರುವ ಮಾತು, ಹುಲ್ಲಿನ ಬೆಲೆ, 'ಎರಡು ದಿನದಿಂದ ಅಜ್ಜಿ ಹಾಲು ತಂದಿಲ್ಲ, ಹುಷಾರಿದಾರಾ ನೋಡಿ' ಎನ್ನುವುದು, ಇದೆಲ್ಲ ಆ ಸಾಲಿನಲ್ಲೇ ನಡೆಯುತ್ತಿತ್ತು.

ಪರಿಹಾರ ಕಷ್ಟದ್ದಲ್ಲ. ಹಾಲು ಬೇಗ ಒಳಗೆ ಹೋಗಲಿ, ಜನ ಹೊರಗೆ ನಿಲ್ಲುವಂತಿರಲಿ. 450 ಹೋದಾಗ 150 ಎಂಬುದು 300 ಆಗುವಂತೆ ಅಂಗಳವನ್ನು ಮಾಡಬೇಕು. ವಿಲಿಯಂ ವೈಟ್ ಎಂಬುವರು ನ್ಯೂಯಾರ್ಕ್ ನಗರದ ಚೌಕಗಳಲ್ಲಿ ಕ್ಯಾಮೆರಾ ಇಟ್ಟು, ಯಾವ ಚೌಕದಲ್ಲಿ ಜನ ಉಳಿಯುತ್ತಾರೆ, ಯಾವುದರಲ್ಲಿ ಉಳಿಯುವುದಿಲ್ಲ ಎಂದು ವರ್ಷಗಟ್ಟಲೆ ಎಣಿಸಿದರು. 1980ರಲ್ಲಿ ಅವರ ಪುಸ್ತಕ ಬಂತು. ವಿನ್ಯಾಸ, ಅಲಂಕಾರ, ಕಾರಂಜಿ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಕೂರಲು ಜಾಗ ಎಂದು ಅವರ ಎಣಿಕೆಯಿಂದ ಗೊತ್ತಾಯಿತು. ಇಷ್ಟು ಸರಳ ವಿಷಯಕ್ಕೆ ಕ್ಯಾಮೆರಾ ಬೇಕಿತ್ತೇ ಎನ್ನಬೇಡಿ. ನಾನು ಸುತ್ತುವ ಊರುಗಳಲ್ಲಿ ಹೊಸದಾಗಿ ಕಟ್ಟಿದ ಸಂಘದ ಕಟ್ಟಡಗಳನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ. ಟೈಲ್ಸ್ ಇದೆ, ಬಣ್ಣ ಇದೆ, ದಾನಿಗಳ ಹೆಸರಿನ ಅಮೃತಶಿಲೆ ಇದೆ, ಕಾಂಪೌಂಡು, ಕಬ್ಬಿಣದ ಗೇಟು ಇದೆ. ಹಾಲು ಹಾಕಿದವರು ಒಂದು ಗಳಿಗೆ ಕೂರಲು ಗೇಣಗಲ ಜಗುಲಿ ಇಲ್ಲ. ಒಂದೂರಿನಲ್ಲಿ ಹಳೆಯ ಡೇರಿ ಹುಣಸೆ ಮರದ ಕೆಳಗಿತ್ತು. ಲಾರಿ ತಿರುಗಲು ಅನುಕೂಲವೆಂದು ಊರಾಚೆಯ ಮುಖ್ಯ ರಸ್ತೆಗೆ ಹೊಸ ಕಟ್ಟಡ ಹೋಯಿತು. ಈಗ ಸ್ಕೂಟರಿನಲ್ಲಿ ಬಂದು ಎಂಜಿನ್ ಆರಿಸದೆ ಹಾಲು ಹಾಕಿ ಹೋಗುತ್ತಾರೆ. ನಡೆದು ಬರುತ್ತಿದ್ದ ವಯಸ್ಸಾದವರು ಪಕ್ಕದ ಮನೆ ಹುಡುಗನ ಕೈಯಲ್ಲಿ ಹಾಲು ಕಳಿಸುತ್ತಾರೆ. ಲೀಟರ್ ಕಡಿಮೆಯಾಗಿಲ್ಲ, ಆದ್ದರಿಂದ ಯಾವ ರಿಜಿಸ್ಟರಿಗೂ ಏನೂ ಆಗಿಲ್ಲ.

ನಿಮ್ಮ ಸಂಘ ಕಟ್ಟಡ ಕಟ್ಟಲು ಅಥವಾ ಬದಲಾಯಿಸಲು ಹೊರಟಿದ್ದರೆ ಮೊದಲು ಹಳೆಯ ಅಂಗಳವನ್ನು ಎಣಿಸಿ. ಬಳಿಕ ಹೊಸ ಜಾಗಕ್ಕೆ ಪ್ರತಿ ಕೇರಿಯಿಂದ ಎಷ್ಟು ಹೆಜ್ಜೆ ಎಂದು ನಡೆದು ನೋಡಿ. ವಯಸ್ಸಾದವರೊಬ್ಬರನ್ನು ಜೊತೆಗೆ ಕರೆದುಕೊಂಡೇ ನಡೆಯಿರಿ, ನಿಮ್ಮ ಹೆಜ್ಜೆ ಲೆಕ್ಕಕ್ಕಿಲ್ಲ. ನಕ್ಷೆಯಲ್ಲಿ ಗೋಡೆಗೆ ತಾಗಿದಂತೆ ಒಂದೂವರೆ ಅಡಿ ಎತ್ತರದ ಜಗುಲಿ, ಅದರ ಮೇಲೆ ಮೂರು ನಾಲ್ಕು ಅಡಿ ಚಾಚಿದ ಸೂರು, ಪಾತ್ರೆ ತೊಳೆಯುವ ನಲ್ಲಿ, ಸಂಜೆಗೆ ದೀಪ ಇರಲಿ. ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಹೆಂಗಸರು ನಿಂತು ಮಾತನಾಡುತ್ತಾರೆ. ಅದನ್ನು ಕಟ್ಟಡದ ಹಿಂದೆ ಕತ್ತಲಲ್ಲಿ ಇಡಬೇಡಿ. ನೋಟೀಸ್ ಬೋರ್ಡನ್ನು ಕಾರ್ಯದರ್ಶಿಯ ಕೊಠಡಿಯೊಳಗಿಂದ ಜಗುಲಿಗೆ ತನ್ನಿ.

ಜನ ಸೇರಲಿ, ರಾಸು ಸೇರಬಾರದು

ಪಶುವೈದ್ಯನಾಗಿ ಇದೊಂದನ್ನು ಹೇಳದೆ ಬಿಡುವಂತಿಲ್ಲ. ನೆರೆಹೊರೆ ಸೇರುವ ಜಾಗ ರೋಗ ಸೇರುವ ಜಾಗವೂ ಆಗಬಹುದು. ಕಾಲುಬಾಯಿ ಜ್ವರದ ವೈರಸ್ ರಾಸಿನಿಂದ ರಾಸಿಗಷ್ಟೇ ಅಲ್ಲ, ಚಪ್ಪಲಿ, ಬಟ್ಟೆ, ಕೈ, ಹಾಲಿನ ಪಾತ್ರೆಯ ಮೂಲಕವೂ ದಾಟುತ್ತದೆ. ಊರಿನಲ್ಲಿ ರೋಗ ಕಂಡ ದಿನದಿಂದ ಡೇರಿ ಬಾಗಿಲಿನಲ್ಲಿ ಶೇಕಡಾ 4ರ ವಾಷಿಂಗ್ ಸೋಡಾ ನೀರಿನಲ್ಲಿ, ಅಂದರೆ 10 ಲೀಟರ್ ನೀರಿಗೆ 400 ಗ್ರಾಂ ಸೋಡಾ ಕರಗಿಸಿ, ಅದರಲ್ಲಿ ನೆನೆಸಿದ ಗೋಣಿಚೀಲ ಹಾಸಿ. ತುಳಿದುಕೊಂಡು ಬರಲಿ. ನೀರು ಕೊಳೆಯಾದ ಹಾಗೆ ಬದಲಾಯಿಸಿ. ರೋಗ ಬಂದ ಮನೆಯವರು ಕೊಟ್ಟಿಗೆಯ ಬಟ್ಟೆಯಲ್ಲೇ ಬರಬಾರದು. ಅವರು ಬರುವುದೇ ಬೇಡ ಎಂದು ಗದರಿ ಓಡಿಸಿದರೆ ಮುಂದಿನ ಸಲ ರೋಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಮನೆಯ ಪಾತ್ರೆಯನ್ನು ಬೇರೆ ಇಟ್ಟು, ಅವರ ಜೊತೆ ಮಾತು ಬೇರೆ ಇಡಬೇಡಿ. ಸಾಮೂಹಿಕ ನೀರಿನ ತೊಟ್ಟಿಯನ್ನು ರೋಗ ಇಳಿಯುವ ತನಕ ಮುಚ್ಚಿ, ಸೋಡಾ ನೀರಿನಿಂದ ತೊಳೆದು ಆಮೇಲೆ ತೆರೆಯಿರಿ. ಚರ್ಮಗಂಟು ರೋಗವಾದರೆ ಸೋಡಾಕ್ಕಿಂತ ನೊಣ, ಉಣ್ಣೆಗಳ ಹತೋಟಿ ಮುಖ್ಯ.

ಕಟಾಂಜನವನ್ನು ಡೇರಿಯ ಅಂಗಳದಲ್ಲೇ ನಿಲ್ಲಿಸಿ ಎಂದು ಕೆಲವು ಸಂಘಗಳು ಕೇಳುತ್ತವೆ. ಜನ ಸೇರುವ ಜಾಗದಲ್ಲೇ ಇದ್ದರೆ ನನಗೂ ಸಲೀಸು, ಆದರೂ ಬೇಡ. ಕಾಯಿಲೆ ರಾಸುಗಳ ಸಗಣಿ, ಜೊಲ್ಲು ಹಾಲಿನ ಪಾತ್ರೆ ಇಡುವ ಕಡೆ ಬೀಳಬಾರದು. ಮೂವತ್ತು ನಲವತ್ತು ಹೆಜ್ಜೆ ಆಚೆ, ಗಾಳಿ ಬೀಸುವ ದಿಕ್ಕಿಗೆ ಡೇರಿ ಬರದಂತೆ, ಜಗುಲಿಯ ಮೇಲೆ ಕುಳಿತವರಿಗೆ ಕಾಣುವಷ್ಟು ದೂರದಲ್ಲಿ ಒಂದು ಮರದ ನೆರಳು ನೋಡಿ ನೆಡಿಸಿ. ಎಣಿಕೆಯ ಹಾಳೆಗಳನ್ನು ಸಂಘದ ಪೆಟ್ಟಿಗೆಯಲ್ಲಿ ಇಟ್ಟಿರಿ. ಮುಂದಿನ ಭೇಟಿಯಲ್ಲಿ ಲಸಿಕೆ ರಿಜಿಸ್ಟರಿನ ಜೊತೆ ಇಟ್ಟುಕೊಂಡು ನೋಡೋಣ, ಮೊದಲು ಯಾವ ಕೇರಿಗೆ ಹೋಗಬೇಕೆಂದು ಅದರಿಂದಲೇ ಗೊತ್ತಾಗುತ್ತದೆ.